ಫೋನಿನಲ್ಲಿ ಏರ್‌ಬಸ್ ಇಳಿಸುವಾಗ ಧಡಾರ್ ಎನ್ನುವುದೇಕೆ?

ಪ್ರಶ್ನೆ: ಮೊಬೈಲ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಏರ್‌ಬಸ್ ಎ320 ಹಾರಿಸುತ್ತೇನೆ. ಟೇಕಾಫ್, ಕ್ರೂಸ್ (ಮೇಲಿನ ಸಮ ಹಾರಾಟ) ಎಲ್ಲ ಸಲೀಸು. ದೇವನಹಳ್ಳಿಯಲ್ಲಿ ಇಳಿಸುವಾಗ ಮಾತ್ರ ಒಂದೋ ನಿಮಿಷಕ್ಕೆ 500–600 ಅಡಿ ವೇಗದಲ್ಲಿ ಧಡಾರ್ ಎಂದು ಕೂರುತ್ತದೆ, ಇಲ್ಲವೇ ರನ್‌ವೇ ಮೇಲೆ ತೇಲುತ್ತಾ ಹೋಗಿ ಪುಟಿಯುತ್ತದೆ. 200 ಅಡಿಯವರೆಗೆ ಆಟೊಪೈಲಟ್‌ನಲ್ಲೇ ಬರುತ್ತೇನೆ. ಫೋನನ್ನು ಓರೆ ಮಾಡಿ ನಿಯಂತ್ರಿಸುತ್ತೇನೆ. ಹೆಚ್ಚಾಗಿ ಆಡುವುದು ರಾಜಾಜಿನಗರದಿಂದ ಬನಶಂಕರಿಗೆ ಮೆಟ್ರೋದಲ್ಲಿ ಹೋಗುವಾಗ. ಮುಂದೆ ಎ380 ಇಳಿಸುವ ಆಸೆಯಿದೆ. ಏನೇನು ತಿದ್ದಿಕೊಳ್ಳಬೇಕು?
– ಓದುಗರು, ರಾಜಾಜಿನಗರ

ಉತ್ತರ: ಕೊನೆಯ 30 ಅಡಿಯಲ್ಲಿ ಕಾಣಿಸಿಕೊಳ್ಳುವ ತೊಂದರೆ ಎರಡು ನಿಮಿಷ ಮುಂಚೆಯೇ ಶುರುವಾಗಿರುತ್ತದೆ. ನೀವು ಬರೆದದ್ದರಲ್ಲೇ ಎರಡು ಕಾರಣ ಎದ್ದು ಕಾಣುತ್ತವೆ: 200 ಅಡಿಯವರೆಗಿನ ಆಟೊಪೈಲಟ್ ಮತ್ತು ಮೆಟ್ರೋ. ಮೂರನೆಯದನ್ನು ನೀವು ಬರೆದಿಲ್ಲ, ಆದರೆ ತೇಲುವ ಲಕ್ಷಣ ನೋಡಿದರೆ ವೇಗ ಕಾಯುವ ಆಟೊಥ್ರಾಟಲ್ ನೆಲ ಮುಟ್ಟುವವರೆಗೂ ಆನ್ ಆಗಿಯೇ ಇರುತ್ತದೆ ಅನ್ನಿಸುತ್ತದೆ.

ಮೆಟ್ರೋ ವಿಷಯ ಮೊದಲು ಮುಗಿಸೋಣ. ಫೋನ್ ಎಷ್ಟು ಓರೆಯಾಗಿದೆ ಎಂಬುದನ್ನು ಅದರೊಳಗಿನ ಆಕ್ಸಿಲೆರೋಮೀಟರ್ ಭೂಮಿಯ ಸೆಳೆತದ ದಿಕ್ಕು ನೋಡಿ ಲೆಕ್ಕ ಹಾಕುತ್ತದೆ. ರೈಲು ಬ್ರೇಕ್ ಹಾಕಿದಾಗಿನ ತಳ್ಳಾಟವೂ ಅದೇ ಲೆಕ್ಕದೊಳಗೆ ಸೇರಿಬಿಡುತ್ತದೆ. ಪ್ರತಿ ಸೆಕೆಂಡಿಗೆ ರೈಲಿನ ವೇಗ ಗಂಟೆಗೆ ಬರೀ ಮೂರೂವರೆ ಕಿ.ಮೀ.ನಷ್ಟು ಇಳಿದರೂ ಫೋನ್ ಸುಮಾರು 6 ಡಿಗ್ರಿ ವಾಲಿದೆ ಎಂದು ಸೆನ್ಸರ್ ತಿಳಿಯಬಹುದು. ನಮ್ಮ ಮೆಟ್ರೋದ ಸೀಟುಗಳು ಬೋಗಿಯ ಗೋಡೆಗೆ ಬೆನ್ನು ಕೊಟ್ಟು ಉದ್ದಕ್ಕೆ ಇವೆ. ಹಾಗಾಗಿ ಕೂತವರ ಫೋನಿಗೆ ಬ್ರೇಕಿನ ಬಲ ಪಕ್ಕದಿಂದ ಬಡಿದು, ವಿಮಾನ ಎಡಕ್ಕೋ ಬಲಕ್ಕೋ ರೆಕ್ಕೆ ಬಗ್ಗಿಸುತ್ತದೆ. ರೈಲು ಹೋಗುವ ಕಡೆಗೆ ಮುಖ ಮಾಡಿ ನಿಂತವರಿಗೆ ಅದೇ ಬಲ ವಿಮಾನದ ಮೂತಿಯನ್ನು ಮೇಲೆ ಕೆಳಗೆ ಮಾಡುತ್ತದೆ. ಫ್ಲೇರ್‌ಗೆ, ಅಂದರೆ ನೆಲ ಮುಟ್ಟುವ ಮುನ್ನ ಮೂತಿಯನ್ನು ಮೆಲ್ಲಗೆ ಎತ್ತುವುದಕ್ಕೆ, ಬೇಕಾದದ್ದು 2ರಿಂದ 3 ಡಿಗ್ರಿ ಮಾತ್ರ. ಒಂದು ಸ್ಟೇಷನ್ ಬಂತೆಂದರೆ ಅದರ ದುಪ್ಪಟ್ಟು ಗೊಂದಲ ಫೋನಿನೊಳಗೆ ಸೇರುತ್ತದೆ. ಬಿಎಂಟಿಸಿ ಬಸ್ಸಿನಲ್ಲಿ ಇದು ಇನ್ನೂ ಕೆಟ್ಟದು. ಪ್ರಯಾಣದಲ್ಲಿ ಟೇಕಾಫ್, ಕ್ರೂಸ್, ಡಿಸೆಂಟ್ ಲೆಕ್ಕ ಎಲ್ಲ ಅಭ್ಯಾಸ ಮಾಡಿ. ಲ್ಯಾಂಡಿಂಗ್ ಮಾತ್ರ ಮನೆಯಲ್ಲಿ, ಮೊಣಕೈ ಎರಡನ್ನೂ ಮೇಜಿನ ಮೇಲೆ ಊರಿಕೊಂಡು ಮಾಡಿ.

ಹಾಗೆ ಕೂತ ಮೇಲೆ ಕ್ಯಾಲಿಬ್ರೇಷನ್, ಅಂದರೆ ಫೋನಿನ ಯಾವ ಕೋನ ಸೊನ್ನೆ ಎಂದು ಆಟಕ್ಕೆ ತಿಳಿಸುವುದು. ಹಾರಾಟದ ಶುರುವಿನಲ್ಲಿ ಒಮ್ಮೆ ಮಾಡಿದರೆ ಸಾಲದು, ಒಂದು ಗಂಟೆಯಲ್ಲಿ ಕೂರುವ ಭಂಗಿಯೇ ಬದಲಾಗಿರುತ್ತದೆ. ರನ್‌ವೇ ಇನ್ನೂ 8–10 ನಾಟಿಕಲ್ ಮೈಲಿ ಇರುವಾಗ, ಆಟೊಪೈಲಟ್ ಇನ್ನೂ ಆನ್ ಇರುವಾಗಲೇ, ಇಳಿಸುವಾಗ ಹಿಡಿಯುವ ಭಂಗಿಯಲ್ಲೇ ಫೋನ್ ಹಿಡಿದು ಮತ್ತೆ ಕ್ಯಾಲಿಬ್ರೇಟ್ ಮಾಡಿ. ತೆರೆ ಸುಮಾರು 45 ಡಿಗ್ರಿ ಹಿಂದಕ್ಕೆ ವಾಲಿರಲಿ, ಆಗ ಎಳೆಯಲೂ ತಳ್ಳಲೂ ಎರಡೂ ಕಡೆ ಜಾಗ ಇರುತ್ತದೆ. ಸೆನ್ಸಿಟಿವಿಟಿ ಪೂರ್ತಿ ಏರಿಸಬೇಡಿ. ಮಧ್ಯಕ್ಕಿಂತ ಸ್ವಲ್ಪ ಕಡಿಮೆ ಇಟ್ಟರೆ ಕೈ ನಡುಕ ಮೂತಿಗೆ ಹೋಗುವುದಿಲ್ಲ. ಫೋನ್ ಬಿಸಿಯಾಗಿ ಚಿತ್ರ ತಡವರಿಸುತ್ತಿದ್ದರೆ ಗ್ರಾಫಿಕ್ಸ್ ಇಳಿಸಿ, ಚಾರ್ಜರ್ ತೆಗೆಯಿರಿ. ನೆಲದ ಹತ್ತಿರ ಅರ್ಧ ಸೆಕೆಂಡು ಚಿತ್ರ ನಿಂತರೆ ಅಷ್ಟರಲ್ಲಿ ವಿಮಾನ 6 ಅಡಿ ಇಳಿದಿರುತ್ತದೆ.

ಇನ್ನು 200 ಅಡಿಯ ಆಟೊಪೈಲಟ್. ನಿಮಿಷಕ್ಕೆ 750 ಅಡಿ ಇಳಿಯುವ ವಿಮಾನಕ್ಕೆ 200 ಅಡಿ ಎಂದರೆ 16 ಸೆಕೆಂಡು. ಆಫ್ ಮಾಡಿದ ಕ್ಷಣದಲ್ಲಿ ಫೋನ್ ಯಾವ ಕೋನದಲ್ಲಿದೆಯೋ ಅದೇ ವಿಮಾನಕ್ಕೆ ಆಜ್ಞೆ. 4–5 ಡಿಗ್ರಿ ವ್ಯತ್ಯಾಸ ಇದ್ದರೆ ಮೂತಿ ಥಟ್ಟನೆ ಕುಸಿಯುತ್ತದೆ ಅಥವಾ ಎದ್ದುಬಿಡುತ್ತದೆ. ಅದನ್ನು ಸರಿಮಾಡಲು ನೀವು ಎಳೆಯುತ್ತೀರಿ, ಅದು ಹೆಚ್ಚಾಗುತ್ತದೆ, ತಳ್ಳುತ್ತೀರಿ, ಅಷ್ಟರಲ್ಲಿ ರನ್‌ವೇ ಬಂದಿರುತ್ತದೆ. ನೆಲದಿಂದ 1000 ಅಡಿ ಇರುವಾಗಲೇ ಆಫ್ ಮಾಡಿ. ಆಗ 80 ಸೆಕೆಂಡು ಸಿಗುತ್ತದೆ. ಮೊದಲ 20 ಸೆಕೆಂಡು ಟ್ರಿಮ್‌ಗೆ (ಮೂತಿಯ ಸಮತೋಲ ಹೊಂದಿಸುವುದಕ್ಕೆ) ಮೀಸಲು: ಫೋನನ್ನು ಕ್ಯಾಲಿಬ್ರೇಟ್ ಮಾಡಿದ ಕೋನದಲ್ಲೇ ಇಟ್ಟಾಗ ಮೂತಿ ತಾನಾಗಿ ಏರದೆ ಇಳಿಯದೆ ನಿಲ್ಲಬೇಕು. ಅಲ್ಲಿಯವರೆಗೆ ಟ್ರಿಮ್ ಸರಿಸುತ್ತಿರಿ.

ಇಲ್ಲಿ ಬೆಂಗಳೂರಿನವರು ಎಡವುವ ಜಾಗವೊಂದಿದೆ. ಕೆಂಪೇಗೌಡ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ವಿಮಾನ ನೆಲದ ಮೇಲೆ ನಿಂತಿದ್ದಾಗಲೂ ಎತ್ತರ ಹೇಳುವ ಆಲ್ಟಿಮೀಟರ್ 3000ದ ಆಸುಪಾಸು ತೋರಿಸುತ್ತದೆ. ನೆಲದಿಂದ 1000 ಅಡಿ ಎಂದರೆ ಆಲ್ಟಿಮೀಟರಿನಲ್ಲಿ 4000, 500 ಅಡಿ ಎಂದರೆ 3500. ಮುಂಬೈ, ಚೆನ್ನೈನಲ್ಲಿ ಕಲಿತ ಅಂಕಿಗಳನ್ನು ಹಾಗೇ ಇಲ್ಲಿಗೆ ತಂದವರು ‘ಇನ್ನೂ 3000 ಅಡಿ ಇದೆಯಲ್ಲ’ ಎಂದುಕೊಂಡೇ ನೆಲಕ್ಕೆ ಬಡಿಯುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ನೆಲದಿಂದ ಎತ್ತರ ತೋರಿಸುವ ಆಯ್ಕೆ ಇದ್ದರೆ ಅದನ್ನು ತೆರೆಯ ಕೆಳಗಿನ ಮಾಹಿತಿ ಪಟ್ಟಿಗೆ ಸೇರಿಸಿಕೊಳ್ಳಿ.

ಎತ್ತರದ ಇನ್ನೊಂದು ಪರಿಣಾಮ ಗಾಳಿಯ ಸಾಂದ್ರತೆ. ಸ್ಪೀಡ್ ಮೀಟರಿನಲ್ಲಿ 137 ನಾಟ್ ಇದ್ದಾಗ, 28 ಡಿಗ್ರಿ ಸೆಲ್ಸಿಯಸ್ ದಿನದಲ್ಲಿ, ಬೆಂಗಳೂರಿನ ಮೇಲೆ ವಿಮಾನ ನಿಜವಾಗಿ ಹೋಗುತ್ತಿರುವುದು ಸುಮಾರು 148 ನಾಟ್. ಚೆನ್ನೈನಲ್ಲಿ ಅದೇ ಮೀಟರಿಗೆ 140ರಷ್ಟು. ರನ್‌ವೇಗೆ ಇಳಿದು ಬರುವ 3 ಡಿಗ್ರಿ ಇಳಿಜಾರು ದಾರಿಯಲ್ಲಿ ಉಳಿಯಲು ಇಲ್ಲಿ ನಿಮಿಷಕ್ಕೆ 780 ಅಡಿ ಇಳಿಯಬೇಕು, ಅಲ್ಲಿ 740 ಸಾಕು. ನೆಲದ ಮೇಲಿನ ವೇಗವನ್ನು 5ರಿಂದ ಗುಣಿಸಿ ಸ್ವಲ್ಪ ಸೇರಿಸಿದರೆ ಈ ಅಂಕಿ ಬರುತ್ತದೆ. 10 ನಾಟ್ ಎದುರು ಗಾಳಿ ಇದ್ದರೆ ಇಲ್ಲೂ 730ಕ್ಕೆ ಇಳಿಯುತ್ತದೆ. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ, ಚಳಿಗಾಲದಲ್ಲಿ ಹೆಚ್ಚಾಗಿ ಪೂರ್ವದಿಂದ ಬೀಸುತ್ತದೆ. ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿಯೇ ಇರುವುದರಿಂದ ಗಾಳಿ ನೋಡಿ 27 (ಪಶ್ಚಿಮಕ್ಕೆ ಮುಖ) ಅಥವಾ 09 (ಪೂರ್ವಕ್ಕೆ ಮುಖ) ಆರಿಸಿಕೊಂಡರೆ ಅಡ್ಡಗಾಳಿಯ ಕಾಟ ಕಡಿಮೆ. ಕಲಿಯುವವರಿಗೆ ಇದೊಂದು ಒಳ್ಳೆಯ ಅನುಕೂಲ.

ಈಗ ಅಪ್ರೋಚ್ (ರನ್‌ವೇಯತ್ತ ಇಳಿದು ಬರುವ ಹಂತ) ಕಟ್ಟುವ ಕ್ರಮ. ಕ್ರೂಸ್‌ನಿಂದ ಇಳಿಯಲು ಎಷ್ಟು ದೂರ ಬೇಕು ಎಂಬುದಕ್ಕೆ, ಕಳೆಯಬೇಕಾದ ಎತ್ತರವನ್ನು ಸಾವಿರದಲ್ಲಿ ತೆಗೆದುಕೊಂಡು 3ರಿಂದ ಗುಣಿಸಿ. 35,000 ಅಡಿಯಿಂದ 3000ಕ್ಕೆ ಎಂದರೆ 32, ಅಂದರೆ 96 ನಾಟಿಕಲ್ ಮೈಲಿ. ವೇಗ ಇಳಿಸಲು ಇನ್ನೊಂದು 10 ಸೇರಿಸಿ. ತಡವಾಗಿ ಇಳಿಯಲು ಶುರುಮಾಡಿ ಸ್ಪಾಯ್ಲರ್ (ರೆಕ್ಕೆಯ ಮೇಲೆ ಎದ್ದು ಅದರ ಎತ್ತುವ ಬಲ ಕುಗ್ಗಿಸುವ ಹಲಗೆ) ತೆರೆದು ಅವಸರ ಪಟ್ಟವರು ಅದನ್ನು ಮುಚ್ಚುವುದನ್ನು ಮರೆಯುತ್ತಾರೆ. ಸ್ಪಾಯ್ಲರ್ ತೆರೆದೇ ಫ್ಲೇರ್ ಮಾಡಿದರೆ ಯಾವ ಕೈಚಳಕವೂ ಉಳಿಸುವುದಿಲ್ಲ. ರನ್‌ವೇಯಿಂದ 9–10 ಮೈಲಿ ದೂರದಲ್ಲಿ ಮೀಟರಿನಲ್ಲಿ 6000 ಅಡಿ, ವೇಗ 180 ನಾಟ್, ಫ್ಲ್ಯಾಪ್ (ಕಡಿಮೆ ವೇಗದಲ್ಲೂ ಎತ್ತಿ ಹಿಡಿಯಲು ರೆಕ್ಕೆಯಿಂದ ಚಾಚುವ ಭಾಗ) 2ನೇ ಹಂತ. ಇಳಿಜಾರು ಹಿಡಿದು 5000 ಅಡಿಗೆ ಬಂದಾಗ ಚಕ್ರ ಕೆಳಗೆ, ಫ್ಲ್ಯಾಪ್ 3, ನಂತರ ಫುಲ್. ಎ320ರಲ್ಲಿ ಫುಲ್ ಫ್ಲ್ಯಾಪ್‌ನ ಮಿತಿ 177 ನಾಟ್. ಅದಕ್ಕಿಂತ ಚೆನ್ನಾಗಿ ಕೆಳಗಿದ್ದಾಗಲೇ ಹಾಕಿ. ಇದೇ ಹೊತ್ತಿಗೆ ಸ್ಪಾಯ್ಲರ್ ಅನ್ನು, ನೆಲ ಮುಟ್ಟಿದಾಗ ತಾನಾಗಿ ಏಳುವಂತೆ, ಆರ್ಮ್ಡ್ ಸ್ಥಾನದಲ್ಲಿಡಿ. ಮೀಟರ್ 4000 ಮುಟ್ಟುವ ಹೊತ್ತಿಗೆ ಎಲ್ಲ ಮುಗಿದು, ಅಂತಿಮ ವೇಗದಲ್ಲಿ, ರನ್‌ವೇಯ ನೇರಕ್ಕೆ ಇರಬೇಕು. 3500ರಲ್ಲೂ ವೇಗ 10 ನಾಟ್ ಹೆಚ್ಚಿದ್ದರೆ, ಇಳಿಯುವ ದರ 1000 ದಾಟಿದ್ದರೆ, ಆ ಲ್ಯಾಂಡಿಂಗ್ ಬಿಟ್ಟು ಗೋ-ಅರೌಂಡ್ ಮಾಡಿ, ಅಂದರೆ ಮತ್ತೆ ಮೇಲೇರಿ ಸುತ್ತಿ ಬನ್ನಿ. ಫೋನಿನಲ್ಲಿ ಯಾರೂ ಗೋ-ಅರೌಂಡ್ ಮಾಡುವುದಿಲ್ಲ. ಆದರೆ ಕೈ ಬೇಗ ಕುದುರುವುದು ಅದನ್ನು ಮಾಡುವವರಿಗೇ.

ಅಂತಿಮ ವೇಗ ತೂಕದ ಮೇಲೆ ನಿಂತಿದೆ. ಮಂಗಳೂರಿನಿಂದ ಬೆಂಗಳೂರಿಗೆ ಹಾರಲು ಟ್ಯಾಂಕ್ ಭರ್ತಿ ಮಾಡಿಕೊಂಡು ಹೊರಡುವವರು ಬಹಳ. ಎ320ರ ಟ್ಯಾಂಕ್ ತುಂಬಿದರೆ ಸುಮಾರು 19 ಟನ್, ಈ ಹಾರಾಟಕ್ಕೆ ಮೀಸಲೂ ಸೇರಿ 6 ಟನ್ ಧಾರಾಳ. ಎ320 ಇಳಿಯಬಹುದಾದ ಗರಿಷ್ಠ ತೂಕ 66 ಟನ್ ಸುಮಾರು. ಪ್ರಯಾಣಿಕರೊಂದಿಗೆ ಇಂಧನವೂ ತುಂಬಿದ್ದರೆ ಅದನ್ನು ಮೀರಿಬಿಡುತ್ತೀರಿ. ತೂಕ 10% ಹೆಚ್ಚಾದರೆ ಬೇಕಾದ ವೇಗ 5% ಹೆಚ್ಚುತ್ತದೆ. ಹೊರಡುವ ಮುನ್ನ 60–62 ಟನ್ ಇಳಿಯುವ ತೂಕ ಬರುವಂತೆ ಲೋಡ್ ಹೊಂದಿಸಿ, 135ರ ಆಸುಪಾಸಿನ ವೇಗದಲ್ಲಿ ಬನ್ನಿ.

ವೇಗ ಸರಿಯಾಗಿದೆಯೇ ಎಂದು ಮೂತಿಯೇ ಹೇಳುತ್ತದೆ. ಫುಲ್ ಫ್ಲ್ಯಾಪ್‌ನಲ್ಲಿ, ಇಳಿಜಾರಿನ ಮೇಲೆ, ಎ320ರ ಮೂತಿ ದಿಗಂತಕ್ಕಿಂತ ಸುಮಾರು 3 ಡಿಗ್ರಿ ಮೇಲೆ ಇರಬೇಕು. ಸೊನ್ನೆಗೆ ಬಂದಿದ್ದರೆ ವೇಗ ಜಾಸ್ತಿ. ಆಗ ಫ್ಲೇರ್ ದೊಡ್ಡದು ಬೇಕಾಗುತ್ತದೆ, ಮುಂದಿನ ಚಕ್ರ ಮೊದಲು ಬಡಿದು ಪುಟಿಯುತ್ತದೆ. 6–7ಕ್ಕೆ ಏರಿದ್ದರೆ ವೇಗ ಸಾಲದು. ಆಗ ಎಳೆಯಲು ಏನೂ ಉಳಿದಿರುವುದಿಲ್ಲ, ಬಾಲ ತಾಗುವ ಅಪಾಯವೂ ಇದೆ. ನಿಮ್ಮ 500–600ರ ಲ್ಯಾಂಡಿಂಗ್‌ಗಳ ರಿಪ್ಲೇ ತೆರೆದು 300 ಅಡಿಯಲ್ಲಿ ಮೂತಿ ಎಲ್ಲಿತ್ತು ಎಂದು ನೋಡಿ. ಉತ್ತರ ಬಹುಪಾಲು ಅಲ್ಲೇ ಸಿಗುತ್ತದೆ.

ಫ್ಲೇರ್‌ಗೆ ಬರೋಣ. ಕ್ಯಾಮೆರಾ ಕಾಕ್‌ಪಿಟ್ ಅಥವಾ ಹಡ್ (ಎದುರಿನ ನೋಟದ ಮೇಲೇ ಅಂಕಿಗಳು ಕಾಣುವ) ನೋಟದಲ್ಲಿರಲಿ. ವಿಮಾನದ ಹಿಂದಿನಿಂದ ನೋಡುವ ಕ್ಯಾಮೆರಾ ಚೆಂದ ಕಾಣುತ್ತದೆ, ಆದರೆ ಚಕ್ರಕ್ಕೂ ನೆಲಕ್ಕೂ ಇರುವ ಅಂತರ ಅದರಲ್ಲಿ ತಿಳಿಯುವುದಿಲ್ಲ. ಫೋನಿನ ಪುಟ್ಟ ತೆರೆಯಲ್ಲಿ ಕಣ್ಣಂದಾಜು ನಂಬಿಕೆಗೆ ಬಾರದ್ದರಿಂದ ಕಿವಿಯನ್ನು ಬಳಸಿ. ರೇಡಿಯೋ ಆಲ್ಟಿಮೀಟರ್‌ನ ಧ್ವನಿ ‘ಫಿಫ್ಟಿ, ಫಾರ್ಟಿ, ಥರ್ಟಿ, ಟ್ವೆಂಟಿ, ಟೆನ್’ ಎಂದು ಕೂಗುತ್ತದೆ. ಅಂಕಿಗಿಂತ ಅದರ ಲಯವನ್ನು ಕೇಳಿಸಿಕೊಳ್ಳಿ. ಸರಿಯಾದ ದರದಲ್ಲಿ ಬರುತ್ತಿದ್ದರೆ ಫಿಫ್ಟಿಗೂ ಫಾರ್ಟಿಗೂ ನಡುವೆ ಒಂದು ಸೆಕೆಂಡಿಗಿಂತ ತುಸು ಕಡಿಮೆ ಇರುತ್ತದೆ. ಮಾತಿನ ಮೇಲೆ ಮಾತು ಬೀಳುವಷ್ಟು ಬೇಗ ಕೂಗಿದರೆ ಇಳಿತ ಜೋರಾಗಿದೆ ಎಂದರ್ಥ, ಫ್ಲೇರ್ ಸ್ವಲ್ಪ ಮೊದಲೇ ಶುರುವಾಗಬೇಕು. ಬ್ಲೂಟೂತ್ ಇಯರ್‌ಫೋನ್‌ನಲ್ಲಿ ಧ್ವನಿ ತಡವಾಗಿ ಕೇಳುತ್ತದೆ. ವೈರ್ ಇರುವುದನ್ನೋ ಫೋನಿನ ಸ್ಪೀಕರನ್ನೋ ಬಳಸಿ.

30 ಅಡಿಗೆ ‘ಥರ್ಟಿ’ ಎಂದಾಗ ಕಣ್ಣನ್ನು ರನ್‌ವೇಯ ಮೊದಲ ಗುರುತಿನಿಂದ ತೆಗೆದು ದೂರದ ತುದಿಗೆ ಹಾಯಿಸಿ, ಫೋನನ್ನು ನಿಮ್ಮತ್ತ ನಿಧಾನ ವಾಲಿಸಿ. ಮೂತಿ 3ರಿಂದ 5 ಅಥವಾ ಐದೂವರೆಗೆ ಬರಬೇಕು, ಅದಕ್ಕೆ ಎರಡು ಮೂರು ಸೆಕೆಂಡು ತೆಗೆದುಕೊಳ್ಳಿ. ಅಲ್ಲಿಗೆ ನಿಲ್ಲಿಸಿ, ಹಿಡಿದುಕೊಳ್ಳಿ. ಏನೂ ಮಾಡದಿದ್ದರೆ 30 ಅಡಿಯಿಂದ ನೆಲಕ್ಕೆ ಎರಡೂವರೆ ಸೆಕೆಂಡು ಸಾಕು, ಸರಿಯಾದ ಫ್ಲೇರ್ ಅದನ್ನು ನಾಲ್ಕಕ್ಕೆ ಹಿಗ್ಗಿಸುತ್ತದೆ. ಕೌಶಲವೆಲ್ಲ ಇರುವುದು ಈ ಒಂದೂವರೆ ಸೆಕೆಂಡಿನ ವ್ಯತ್ಯಾಸದಲ್ಲಿ. ‘ಟ್ವೆಂಟಿ’ಗೆ ಥ್ರಾಟಲ್ ಇಳಿಸಲು ಶುರುಮಾಡಿ, ನೆಲ ಮುಟ್ಟುವ ಹೊತ್ತಿಗೆ ಐಡಲ್‌ಗೆ (ಎಂಜಿನ್‌ನ ಕನಿಷ್ಠ ಬಲಕ್ಕೆ) ತನ್ನಿ. ಏರ್‌ಬಸ್ ಈ ಎತ್ತರದಲ್ಲೇ ‘ರಿಟಾರ್ಡ್’ (ಥ್ರಾಟಲ್ ಇಳಿಸಿ) ಎಂದು ಕೂಗುವುದೂ ಇದಕ್ಕೇ. ಎಂಜಿನ್‌ಗಳು ರೆಕ್ಕೆಯ ಕೆಳಗೆ ತೂಗುವುದರಿಂದ ಥ್ರಾಟಲ್ ತೆಗೆದ ಕೂಡಲೇ ಮೂತಿ ತಾನಾಗಿ ಕೆಳಗೆ ಬಾಗುತ್ತದೆ. ಅದಕ್ಕಾಗಿ ಇನ್ನೊಂದಿಷ್ಟು, ಅರ್ಧ ಡಿಗ್ರಿಯಷ್ಟು, ಎಳೆಯುತ್ತಲೇ ಇರಬೇಕು. 50 ಅಡಿಯಲ್ಲೇ ಥ್ರಾಟಲ್ ಪೂರ್ತಿ ಎಳೆದುಬಿಡುವುದು ನಿಮ್ಮ ಧಡಾರ್‌ಗೆ ಇನ್ನೊಂದು ಕಾರಣವಿರಬಹುದು: ವೇಗವೂ ಮೂತಿಯೂ ಒಟ್ಟಿಗೆ ಕುಸಿದಾಗ ಫ್ಲೇರ್‌ಗೆ ಬೇಕಾದ ಶಕ್ತಿ ರೆಕ್ಕೆಯಲ್ಲಿ ಉಳಿದಿರುವುದಿಲ್ಲ.

ತೇಲುವುದು ಇದರ ಎದುರು ತುದಿ. ಆಟೊಥ್ರಾಟಲ್ ಆನ್ ಇದ್ದರೆ, ಮೂತಿ ಎತ್ತಿದಾಗ ವೇಗ ಕಡಿಮೆಯಾಗುವುದನ್ನು ನೋಡಿ ಅದು ಎಂಜಿನ್‌ಗೆ ಇನ್ನಷ್ಟು ಬಲ ಕೊಡುತ್ತದೆ. ನೀವು ಇಳಿಸಲು ನೋಡುತ್ತೀರಿ, ಅದು ಹಾರಿಸಲು ನೋಡುತ್ತದೆ. ಆಟೊಪೈಲಟ್ ಜೊತೆಗೇ 1000 ಅಡಿಯಲ್ಲಿ ಅದನ್ನೂ ಆಫ್ ಮಾಡಿ. ಶುರುವಿನಲ್ಲಿ ಕಷ್ಟವೆನಿಸಿದರೆ 50 ಅಡಿಯನ್ನಂತೂ ದಾಟಿಸಬೇಡಿ. ನೆಲದ ಹತ್ತಿರ, ಒಂದು ರೆಕ್ಕೆಯಗಲಕ್ಕಿಂತ ಕಡಿಮೆ ಎತ್ತರದಲ್ಲಿ, ವಿಮಾನಕ್ಕೆ ಎಳೆತ ಕಡಿಮೆಯಾಗುತ್ತದೆ, ಹೆಚ್ಚುವರಿ ವೇಗ ಬೇಗ ಕರಗುವುದಿಲ್ಲ. ಸೆಕೆಂಡಿಗೆ 75 ಮೀಟರ್ ರನ್‌ವೇ ಹಿಂದೆ ಸರಿಯುತ್ತಿರುತ್ತದೆ. ಹತ್ತು ಸೆಕೆಂಡು ತೇಲಿದರೆ 750 ಮೀಟರ್ ಹೋಯಿತು. ದೇವನಹಳ್ಳಿಯ ರನ್‌ವೇಗಳು 4000 ಮೀಟರ್ ಉದ್ದ ಇರುವುದರಿಂದ ಈ ತಪ್ಪು ಅಲ್ಲಿ ಕಾಣುವುದೇ ಇಲ್ಲ. ಮಂಗಳೂರಿನ 2450 ಮೀಟರ್ ಟೇಬಲ್‌ಟಾಪ್ ರನ್‌ವೇಯಲ್ಲಿ ಕಾಣುತ್ತದೆ. 2010ರ ಮೇ 22ರಂದು ಅಲ್ಲಿ ಬೋಯಿಂಗ್ 737 ವಿಮಾನ ಇಳಿಜಾರಿಗಿಂತ ಬಹಳ ಎತ್ತರದಲ್ಲಿ ಬಂದು, ರನ್‌ವೇಯ ಅರ್ಧಕ್ಕಿಂತ ಹೆಚ್ಚು ದಾಟಿದ ಮೇಲೆ ನೆಲ ಮುಟ್ಟಿ, ನಿಲ್ಲಲಾಗದೆ ಕಣಿವೆಗೆ ಜಾರಿತು. 158 ಜನ ಸತ್ತರು. ಹಾಗಾಗಿ ಎಲ್ಲಿ ಮುಟ್ಟಿದಿರಿ ಎಂಬುದನ್ನು ಎಷ್ಟು ಮೆತ್ತಗೆ ಮುಟ್ಟಿದಿರಿ ಎಂಬುದಕ್ಕಿಂತ ಮೊದಲು ನೋಡಿ. ಉದ್ದದ ರನ್‌ವೇಗಳಲ್ಲಿ ತುದಿಯಿಂದ 400 ಮೀಟರ್ ದೂರದಲ್ಲಿ ಎರಡು ದಪ್ಪ ಬಿಳಿ ಪಟ್ಟಿಗಳಿರುತ್ತವೆ. ಗುರಿ ಅದಕ್ಕೆ. ಪಕ್ಕದಲ್ಲಿ ಇಳಿಜಾರು ಸರಿಯಿದೆಯೇ ಎಂದು ತೋರಿಸುವ ನಾಲ್ಕು ಪಾಪಿ (PAPI) ದೀಪಗಳಲ್ಲಿ ಎರಡು ಬಿಳಿ, ಎರಡು ಕೆಂಪು ಕಾಣುತ್ತಾ ಬಂದರೆ ಫ್ಲೇರ್ ಸೇರಿ ಆ ಪಟ್ಟಿಗಿಂತ ಸ್ವಲ್ಪ ಮುಂದೆ ಮುಟ್ಟುತ್ತೀರಿ. ಮೊದಲ 900 ಮೀಟರ್ ಒಳಗೆ ಮುಟ್ಟದಿದ್ದರೆ ಮುಟ್ಟುವಾಗಿನ ಇಳಿತದ ಅಂಕಿ ಎಷ್ಟೇ ಚೆನ್ನಾಗಿರಲಿ, ಅದು ಕೆಟ್ಟ ಲ್ಯಾಂಡಿಂಗ್.

ಅಂಕಿಯ ಬಗ್ಗೆ: ನಿಮಿಷಕ್ಕೆ 100ರಿಂದ 200 ಅಡಿ ಒಳ್ಳೆಯದು. 250 ಆದರೂ ತಪ್ಪೇನಿಲ್ಲ. ಪ್ರಯಾಣಿಕ ವಿಮಾನಗಳ ಚಕ್ರದ ಚೌಕಟ್ಟನ್ನು ಗರಿಷ್ಠ ಇಳಿಯುವ ತೂಕದಲ್ಲಿ ಸೆಕೆಂಡಿಗೆ 10 ಅಡಿ, ಅಂದರೆ ನಿಮಿಷಕ್ಕೆ 600 ಅಡಿ ತಡೆಯುವಂತೆ ವಿನ್ಯಾಸ ಮಾಡಿರುತ್ತಾರೆ. ನಿಮ್ಮ ಲ್ಯಾಂಡಿಂಗ್‌ಗಳು ಆ ಗಡಿಯ ಹತ್ತಿರ ಇವೆ. ಆದರೆ 30, 40ರ ಹಿಂದೆ ಬಿದ್ದು ತೇಲುವುದೂ ಬೇಡ. ಮಳೆ ಬಿದ್ದ ರನ್‌ವೇಯಲ್ಲಿ ಪೈಲಟ್‌ಗಳು ಬೇಕೆಂದೇ ಸ್ವಲ್ಪ ಗಟ್ಟಿಯಾಗಿ ಕೂರಿಸುತ್ತಾರೆ. ಟೈರು ನೀರಿನ ಪದರ ಸೀಳಿ ನೆಲ ಹಿಡಿಯಬೇಕು, ಚಕ್ರ ತಿರುಗಿ ಸ್ಪಾಯ್ಲರ್ ಏಳಬೇಕು.

ಪುಟಿದರೆ ಮೂತಿ ತಳ್ಳಬೇಡಿ. ಕೈ ತಾನಾಗಿ ತಳ್ಳಲು ಹೋಗುತ್ತದೆ, ಎರಡನೇ ಹೊಡೆತ ಮುಂದಿನ ಚಕ್ರದ ಮೇಲೆ ಬಿದ್ದು ಮೂರನೆಯದು ಇನ್ನೂ ದೊಡ್ಡದಾಗುತ್ತದೆ. 4–5 ಅಡಿ ಪುಟಿತಕ್ಕೆ ಮೂತಿಯನ್ನು ಇದ್ದಲ್ಲೇ ಹಿಡಿದಿಡಿ, ವಿಮಾನ ಕೂರುತ್ತದೆ. ಅದಕ್ಕಿಂತ ಹೆಚ್ಚಾದರೆ ಪೂರ್ತಿ ಥ್ರಾಟಲ್ ಕೊಟ್ಟು ಮೂತಿಯನ್ನು ನಿಧಾನ 15 ಡಿಗ್ರಿಗೆ ಎತ್ತಿ, ಫ್ಲ್ಯಾಪ್ ಒಂದು ಹಂತ ಕಡಿಮೆ ಮಾಡಿ, ಮೇಲೇರುತ್ತಿರುವುದು ಖಚಿತವಾದ ಮೇಲೆ ಚಕ್ರ ಒಳಗೆ ತೆಗೆದುಕೊಳ್ಳಿ. ಸ್ಪಾಯ್ಲರ್ ಆರ್ಮ್ ಮಾಡಿರದಿದ್ದರೆ ಸಣ್ಣ ತಾಗುವಿಕೆಯೂ ಪುಟಿತವಾಗುತ್ತದೆ, ಏಕೆಂದರೆ ರೆಕ್ಕೆ ಇನ್ನೂ ಎತ್ತುತ್ತಲೇ ಇರುತ್ತದೆ.

ಅಭ್ಯಾಸಕ್ಕೆ ಇಡೀ ಹಾರಾಟ ಬೇಡ. ನೇರ ಫೈನಲ್‌ನಿಂದ (ರನ್‌ವೇಯ ನೇರಕ್ಕೆ ಬರುವ ಕೊನೆಯ ಹಂತದಿಂದ), 8–10 ಮೈಲಿ ದೂರದಿಂದ ಶುರುಮಾಡುವ ಆಯ್ಕೆಯಿಂದ ಒಂದೇ ತೂಕ, ಒಂದೇ ರನ್‌ವೇ, ಗಾಳಿಯಿಲ್ಲದ ಹವೆ ಇಟ್ಟುಕೊಂಡು ಮಾಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ: ಮೊದಲು ವೇಗ ಮಾತ್ರ, ಅದು ಕೂತ ಮೇಲೆ ಫ್ಲೇರ್‌ನ ಎತ್ತರ. ಕೈ ಕುದುರಿದ ನಂತರ ಹೆಚ್‌ಎಎಲ್ ನಿಲ್ದಾಣಕ್ಕೂ ಹೋಗಿ ನೋಡಿ. ಅಲ್ಲಿಯ ರನ್‌ವೇ 61 ಮೀಟರ್ ಅಗಲ, ದೇವನಹಳ್ಳಿಗಿಂತ ಅಗಲ ಹೆಚ್ಚು. ಅಗಲದ ರನ್‌ವೇ ಕಣ್ಣಿಗೆ ಹತ್ತಿರ ಬಂದಂತೆ ಕಾಣುವುದರಿಂದ ಬೇಗ ಫ್ಲೇರ್ ಮಾಡಿ ಮೇಲೇ ನಿಂತುಬಿಡುವ ಸಾಧ್ಯತೆ ಹೆಚ್ಚು. ಕಿವಿ ಎಷ್ಟು ಪಳಗಿದೆ ಎಂದು ಅಲ್ಲಿ ಗೊತ್ತಾಗುತ್ತದೆ.

ಕೊನೆಗೆ ಎ380. 2022ರ ಅಕ್ಟೋಬರ್‌ನಿಂದ ಎಮಿರೇಟ್ಸ್ ದುಬೈನಿಂದ ಬೆಂಗಳೂರಿಗೆ ಇದನ್ನು ತರಲು ಶುರುಮಾಡಿತು, ಹಾಗಾಗಿ ಆಸೆ ಸಹಜ. ಇಳಿಯುವಾಗ ಸುಮಾರು 390 ಟನ್‌ವರೆಗೆ ತೂಗಬಹುದಾದ ವಿಮಾನವಾದರೂ ರೆಕ್ಕೆ ಅಷ್ಟು ದೊಡ್ಡದಿರುವುದರಿಂದ ವೇಗ ಎ320ರಷ್ಟೇ, 135–140 ನಾಟ್. ಬದಲಾಗುವುದು ಸಮಯ. ನೀವು ಎಳೆದದ್ದು ಇಳಿತದ ದರದಲ್ಲಿ ಕಾಣಲು ಒಂದು ಸೆಕೆಂಡು ಹೆಚ್ಚು ಬೇಕು, ಆದ್ದರಿಂದ ‘ಫಾರ್ಟಿ’ಗೇ ಫ್ಲೇರ್ ಶುರುಮಾಡಿ, ಇನ್ನೂ ನಿಧಾನ ಎಳೆಯಿರಿ. ಕೊನೆಗಳಿಗೆಯಲ್ಲಿ ಗಾಬರಿಯಿಂದ ಜೋರಾಗಿ ಎಳೆಯುವುದು ಇಲ್ಲಿ ತೀರಾ ಕೆಟ್ಟದ್ದು. ವಿಮಾನ ತನ್ನ ಮಧ್ಯದ ಸುತ್ತ ತಿರುಗುತ್ತದೆ, ಮುಖ್ಯ ಚಕ್ರಗಳು ಅದಕ್ಕಿಂತ ಹಿಂದಿವೆ, ಹಾಗಾಗಿ ಮೂತಿ ಎದ್ದಾಗ ಚಕ್ರಗಳು ಮೊದಲು ಕೆಳಕ್ಕೇ ಹೋಗಿ ನೆಲಕ್ಕೆ ಬಡಿಯುತ್ತವೆ. ಕಾಕ್‌ಪಿಟ್ ಚಕ್ರಗಳಿಗಿಂತ ಬಹಳ ಮುಂದೆ, ಬಹಳ ಮೇಲೆ ಇರುವುದರಿಂದ ನೆಲ ಮುಟ್ಟಿದಾಗಲೂ ‘ಇನ್ನೂ ಎತ್ತರದಲ್ಲಿದ್ದೇನೆ’ ಎನಿಸುತ್ತದೆ. ಧ್ವನಿಯನ್ನು ನಂಬಿ. ಮುಟ್ಟಿದ ಮೇಲೆ ಮೂತಿಯನ್ನು ಬಿಟ್ಟುಬಿಡದೆ, ಎಳೆತ ಸಡಿಲಿಸುತ್ತಾ ಮೂರು ನಾಲ್ಕು ಸೆಕೆಂಡಿನಲ್ಲಿ ಇಳಿಸಿ. ನಿಜವಾದ ಎ380ರಲ್ಲಿ ರಿವರ್ಸ್ (ಎಂಜಿನ್‌ನ ಬಲವನ್ನು ಮುಂದಕ್ಕೆ ತಿರುಗಿಸಿ ವಿಮಾನ ನಿಧಾನಿಸುವ ವ್ಯವಸ್ಥೆ) ಇರುವುದು ಒಳಗಿನ ಎರಡು ಎಂಜಿನ್‌ಗಳಿಗೆ ಮಾತ್ರ, ಆದ್ದರಿಂದ ಬ್ರೇಕನ್ನು ಮೊದಲೇ ಆಟೊದಲ್ಲಿ ಇಟ್ಟುಕೊಂಡು, ರಿವರ್ಸ್ ಅನ್ನು 70 ನಾಟ್‌ಗೆ ಐಡಲ್‌ಗೆ ತನ್ನಿ.